ಕಂತು ಇಳಿಸಿಕೊಂಡ ಮೇಲೆ ಸಂಬಳವೇ ನಿಂತರೆ?

ಸಾಲದ ಹೊರೆ ತಾಳಲಾರದೆ ಬ್ಯಾಂಕಿಗೆ ಹೋಗಿ, ಅವಧಿ ಹೆಚ್ಚಿಸಿಕೊಂಡು ಕಂತು ಇಳಿಸಿಕೊಂಡವರು ಇನ್ನು ಚಿಂತೆಯಿಲ್ಲ ಎಂದು ಉಸಿರು ಬಿಡುತ್ತಾರೆ. ಆದರೆ ಆ ಹೊಸ ಕಂತು ನಿಗದಿಯಾದದ್ದು ಅರ್ಜಿ ಕೊಟ್ಟ ತಿಂಗಳಿನ ಸಂಬಳ, ಬಾಡಿಗೆ, ಶಾಲೆಯ ಫೀಸು ನೋಡಿ. ಮುಂದಿನ ಮೂರೋ ಐದೋ ವರ್ಷ ಇವೆಲ್ಲ ಹಾಗೇ ಇರುತ್ತವೆಂದು ಯಾರೂ ಬರೆದುಕೊಟ್ಟಿಲ್ಲ. ಕೆಲಸ ಹೋಗುತ್ತದೆ, ಓವರ್‌ಟೈಮ್ ನಿಲ್ಲುತ್ತದೆ, ಮನೆಯಲ್ಲಿ ಒಬ್ಬರಿಗೆ ಆಪರೇಷನ್ ಆಗುತ್ತದೆ, ಗಂಡ ಹೆಂಡತಿ ಬೇರೆಯಾಗುತ್ತಾರೆ. ಕಾಗದದ ಮೇಲಿನ ಕಂತು ಮಾತ್ರ ಅಲುಗುವುದಿಲ್ಲ.

ಕೆಲವು ದೇಶಗಳಲ್ಲಿ ಎಲ್ಲ ಸಾಲಗಳನ್ನೂ ಒಟ್ಟುಗೂಡಿಸಿ, ತಿಂಗಳಿಗೊಂದು ಮೊತ್ತವನ್ನು ಒಂದೇ ಸಂಸ್ಥೆಗೆ ಕಟ್ಟಿದರೆ ಅದೇ ಎಲ್ಲರಿಗೂ ಹಂಚುವ ಸಾಲ ನಿರ್ವಹಣಾ ಯೋಜನೆಗಳಿವೆ. ಪರಿಸ್ಥಿತಿ ಬದಲಾದರೆ ಆ ಒಂದು ಕಡೆ ಹೇಳಿದರೆ ಆಯಿತು. ನಮ್ಮಲ್ಲಿ ಅಂಥ ಏರ್ಪಾಡು ಇಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಸಾಲಕ್ಕೆಂದೇ ಮೂರನೇ ಭಾಗವಿದೆ. ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಸಾಮಾನ್ಯರ ಪಾಲಿಗೆ ಇನ್ನೂ ಪುಸ್ತಕದಲ್ಲೇ ಉಳಿದಿದೆ. ಹಾಗಾಗಿ ಗೃಹಸಾಲ ಒಂದು ಬ್ಯಾಂಕಿನಲ್ಲಿ, ಪರ್ಸನಲ್ ಲೋನ್ ಇನ್ನೊಂದು ಫೈನಾನ್ಸ್ ಕಂಪನಿಯಲ್ಲಿ, ಎರಡು ಕ್ರೆಡಿಟ್ ಕಾರ್ಡ್, ಜತೆಗೊಂದು ಸಂಘದ ಸಾಲ ಇದ್ದವರು ಐದು ಬಾಗಿಲು ತಟ್ಟಬೇಕು. ಐವರಲ್ಲಿ ಯಾರಿಗೂ ಉಳಿದ ನಾಲ್ವರ ಗೊಡವೆಯಿಲ್ಲ.

ಎರಡನೇ ಸಲ ಕೇಳಿದರೆ ಬ್ಯಾಂಕ್ ಯಾಕೆ ಹಿಂಜರಿಯುತ್ತದೆ

ಮೊದಲ ಸಲ ಸಮಾಧಾನದಿಂದ ಕೇಳಿಸಿಕೊಂಡ ಶಾಖೆಯೇ ಎರಡನೇ ಸಲ ‘ಹೆಡ್ ಆಫೀಸಿಗೆ ಬರೆಯಬೇಕು’ ಎಂದು ಜಾರಿಕೊಳ್ಳುತ್ತದೆ. ಮ್ಯಾನೇಜರ್ ಮನಸ್ಸು ಕಲ್ಲಾಗಿದ್ದರಿಂದ ಅಲ್ಲ. ರಿಸರ್ವ್ ಬ್ಯಾಂಕ್ 2019ರ ಜೂನ್ 7ರಂದು ತಂದ ಚೌಕಟ್ಟಿನ ಪ್ರಕಾರ, ಸಾಲಗಾರ ಹಣದ ಕಷ್ಟದಲ್ಲಿದ್ದಾನೆಂಬ ಕಾರಣಕ್ಕೆ ಬ್ಯಾಂಕ್ ರಿಯಾಯಿತಿ ಕೊಟ್ಟು ಷರತ್ತು ಬದಲಿಸಿದರೆ ಅದು ಪುನರ್ರಚನೆ. ಅಲ್ಲಿಯವರೆಗೆ ನೆಟ್ಟಗಿದ್ದ ಖಾತೆಯೂ ಕೂಡಲೇ ಕೆಟ್ಟ ಸಾಲಗಳ, ಅಂದರೆ ಎನ್‌ಪಿಎ ಪಟ್ಟಿಗೆ ಇಳಿಯುತ್ತದೆ, ಬ್ಯಾಂಕ್ ಅದಕ್ಕಾಗಿ ತನ್ನ ಲಾಭದಿಂದ ಹಣ ತೆಗೆದಿಡಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್ 6 ಮತ್ತು 2021ರ ಮೇ 5ರ ಸುತ್ತೋಲೆಗಳ ಮೂಲಕ, ಈ ಇಳಿಕೆಗೆ ವಿನಾಯಿತಿ ಸಿಕ್ಕಿತ್ತು. ಆಗಿನ ಧಾರಾಳತನ ಈಗಲೂ ಇದೆ ಎಂದುಕೊಂಡು ಹೋದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಹೀಗೆ ಇಳಿದ ಖಾತೆ ಮತ್ತೆ ಮೇಲೇಳಬೇಕಾದರೆ ಹೊಸ ಕಂತು ಶುರುವಾದ ಮೇಲೆ ಕನಿಷ್ಠ ಒಂದು ವರ್ಷ ಸುಸ್ತಿಯಿಲ್ಲದೆ ಕಟ್ಟಿರಬೇಕು. ಆದ್ದರಿಂದ ಹೊಂದಿಸಿಕೊಂಡ ಮೊದಲ ಹನ್ನೆರಡು ತಿಂಗಳಲ್ಲಿ ತಪ್ಪುವ ಕಂತು, ಮೂರನೇ ವರ್ಷದಲ್ಲಿ ತಪ್ಪುವ ಕಂತಿಗಿಂತ ದುಬಾರಿ. ಕೈಯಲ್ಲಿ ಸ್ವಲ್ಪ ಉಳಿತಾಯವಿದ್ದರೆ ಅದನ್ನು ಈ ಒಂದು ವರ್ಷಕ್ಕೆಂದೇ ಮೀಸಲಿಡುವುದು ಜಾಣತನ.

ಪುನರ್ರಚನೆ ಎನಿಸಿಕೊಳ್ಳದೆ ಕಂತು ಹಗುರವಾಗುವ ದಾರಿಯೂ ಒಂದಿದೆ, ಮೊದಲು ಅದನ್ನು ನೋಡಿ. 2023ರ ಆಗಸ್ಟ್ 18ರ ಸುತ್ತೋಲೆಯಂತೆ, ಬದಲಾಗುವ ಬಡ್ಡಿದರದ ಗೃಹಸಾಲದಂಥ ಸಾಲಗಳಲ್ಲಿ ದರ ಪರಿಷ್ಕರಣೆಯಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆ ಗ್ರಾಹಕನದು. ದರ ಇಳಿದಾಗ ಹೆಚ್ಚಿನ ಬ್ಯಾಂಕುಗಳು ಕಂತನ್ನು ಹಾಗೇ ಬಿಟ್ಟು ಅವಧಿ ಕಡಿಮೆ ಮಾಡುತ್ತವೆ. ಸಂಬಳ ಕುಗ್ಗಿದವರು ಆಗ ಬರೆದುಕೊಟ್ಟು ಅವಧಿಯನ್ನು ಹಾಗೇ ಇರಿಸಿ ಕಂತು ಇಳಿಸಿಕೊಳ್ಳಬಹುದು. ಇದು ಎಲ್ಲರಿಗೂ ಇರುವ ಸೌಲಭ್ಯವಾದ್ದರಿಂದ ಖಾತೆಗೆ ಕಲೆ ಅಂಟುವುದಿಲ್ಲ.

ತೊಂಬತ್ತು ದಿನದ ಲೆಕ್ಕ

ಇನ್ನೂ ಹೊಂದಿಸಿಕೊಳ್ಳದ ಸಾಲಗಳ ವಿಷಯಕ್ಕೆ ಬಂದರೆ, ಅಲ್ಲಿ ಕ್ಯಾಲೆಂಡರೇ ಎಲ್ಲ. ರಿಸರ್ವ್ ಬ್ಯಾಂಕ್ ತಾನೇ ಕೊಟ್ಟ ಉದಾಹರಣೆ ತೆಗೆದುಕೊಳ್ಳೋಣ. ಮಾರ್ಚ್ 31ಕ್ಕೆ ಕಟ್ಟಬೇಕಾದ ಕಂತು ಆ ದಿನದ ವಹಿವಾಟು ಮುಗಿಯುವುದರೊಳಗೆ ಜಮೆಯಾಗದಿದ್ದರೆ ಖಾತೆ ಅಂದೇ ಸುಸ್ತಿ. ಏಪ್ರಿಲ್ 30ಕ್ಕೆ ಎರಡನೇ ಹಂತ, ಮೇ 30ಕ್ಕೆ ಮೂರನೇ ಹಂತ, ಜೂನ್ 29ಕ್ಕೆ ಎನ್‌ಪಿಎ. ಬ್ಯಾಂಕಿನವರ ಬಾಯಲ್ಲಿ ಕೊನೆಯದಕ್ಕೆ ಮುಂಚಿನ ಈ ಮೂರು ಎಚ್ಚರಿಕೆಯ ಹಂತಗಳು ಎಸ್‌ಎಂಎ ಸೊನ್ನೆ, ಒಂದು, ಎರಡು.

ಜೂನ್ 29ರ ಹಿಂದಿನ ದಿನಕ್ಕೂ ಮರುದಿನಕ್ಕೂ ಅಜಗಜಾಂತರ. ಅದಕ್ಕೆ ಮೊದಲು ಹಳೆಯ ಒಂದು ಬಾಕಿ ಕಂತು ಕಟ್ಟಿದರೂ ಸುಸ್ತಿಯ ಎಣಿಕೆ ಒಂದು ತಿಂಗಳು ಹಿಂದೆ ಸರಿಯುತ್ತದೆ, ಏಕೆಂದರೆ ದಿನ ಎಣಿಸುವುದು ಅತಿ ಹಳೆಯ ಬಾಕಿಯಿಂದ. ಎನ್‌ಪಿಎ ಆದಮೇಲೆ ಆ ಅನುಕೂಲವಿಲ್ಲ. 2021ರ ನವೆಂಬರ್ 12ರ ಸ್ಪಷ್ಟೀಕರಣದ ಪ್ರಕಾರ ಅಸಲು, ಬಡ್ಡಿ ಎರಡರ ಹಿಂಬಾಕಿಯೂ ಪೂರ್ತಿ ತೀರಿದರೆ ಮಾತ್ರ ಖಾತೆ ಮತ್ತೆ ಸರಿ ಎನಿಸಿಕೊಳ್ಳುತ್ತದೆ. ನಾಲ್ಕು ಕಂತು ಬಾಕಿಯಿದ್ದು ಮೂರು ಕಟ್ಟಿ ಬಂದು ನೆಮ್ಮದಿಯಿಂದ ಕೂತವರು ಆಮೇಲೆ ನೋಟಿಸ್ ನೋಡಿ ಕಂಗಾಲಾಗುವುದು ಇದೇ ಕಾರಣಕ್ಕೆ.

ಕೆಲಸ ಹೋದ ಸುದ್ದಿಯನ್ನು ಸಾಲ ಕೊಟ್ಟವರಿಗೆ ಯಾವಾಗ ತಿಳಿಸಬೇಕು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮುಂದಿನ ಕಂತಿನ ತಾರೀಖಿಗಿಂತ ಮೊದಲು, ಹೆಚ್ಚೆಂದರೆ ಮೊದಲ ಮೂವತ್ತು ದಿನದೊಳಗೆ. ಆಗ ಮಾತನಾಡುವುದು ಶಾಖೆಯ ಜತೆ. ಅರವತ್ತು ದಿನ ಕಳೆದರೆ ಮಾತು ವಸೂಲಿ ವಿಭಾಗಕ್ಕೆ ಹೋಗುತ್ತದೆ, ಅವರಿಗೆ ಸಾಮಾನ್ಯವಾಗಿ ಕಂತು ಬದಲಿಸುವ ಅಧಿಕಾರ ಇರುವುದಿಲ್ಲ.

ಎಷ್ಟು ಕಾಲದ ಕಷ್ಟ, ಅದಕ್ಕೆ ತಕ್ಕ ಬೇಡಿಕೆ

‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್’ ಎಂದು ಕೇಳಿದರೆ ಬ್ಯಾಂಕ್ ತನಗೆ ಅನುಕೂಲವಾದದ್ದನ್ನು ಕೊಡುತ್ತದೆ. ಏನು ಬೇಕೆಂದು ಕೇಳುವವನೇ ತೀರ್ಮಾನಿಸಿಕೊಂಡಿರಬೇಕು. ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿರುವುದು ಒಂದು ಬಗೆ, ನಲವತ್ತು ಸಾವಿರದ ಕೆಲಸ ಹೋಗಿ ಇಪ್ಪತ್ತೈದು ಸಾವಿರದ ಕೆಲಸ ಸಿಕ್ಕಿರುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಕೆಲವು ತಿಂಗಳು ಕಂತು ಕಟ್ಟದಿರುವ ವಿರಾಮ ಸಾಕು. ಎರಡನೆಯದಕ್ಕೆ ವಿರಾಮ ತೆಗೆದುಕೊಂಡರೆ ಆರು ತಿಂಗಳ ನಂತರ ಅದೇ ಗೋಡೆಗೆ ಮತ್ತೆ ತಲೆ ಚಚ್ಚಿಕೊಳ್ಳಬೇಕು, ಈ ಸಲ ಹೆಚ್ಚಿನ ಅಸಲಿನ ಜತೆ.

ವಿರಾಮದ ಬೆಲೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಹತ್ತು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 9, ಬಾಕಿ ಅವಧಿ 15 ವರ್ಷ ಎಂದುಕೊಂಡರೆ ಕಂತು ಸುಮಾರು 10,143 ರೂಪಾಯಿ. ಆರು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ ಸಾಲ 10,45,852 ರೂಪಾಯಿಗೆ ಏರುತ್ತದೆ. ಆಮೇಲೆ ಕಂತು ಹಳೆಯದೇ ಇರಲಿ ಎಂದರೆ 180ರ ಬದಲು ಸುಮಾರು 199 ಕಂತು ಕಟ್ಟಬೇಕು. ಬಿಟ್ಟದ್ದು ಆರು, ಹೆಚ್ಚಾದದ್ದು ಹತ್ತೊಂಬತ್ತು, ಅಂದರೆ 1.89 ಲಕ್ಷದ ಆಸುಪಾಸು. ಅದೇ 180 ಕಂತಿನಲ್ಲೇ ಮುಗಿಸುತ್ತೇನೆ, ಕಂತು ಹೆಚ್ಚಿಸಿ ಎಂದರೆ ತಿಂಗಳಿಗೆ 10,608 ಆಗುತ್ತದೆ. ಹೆಚ್ಚುವರಿ ಹೊರೆ ಒಟ್ಟು 84 ಸಾವಿರದಷ್ಟು. ಇನ್ನೊಂದು ದಾರಿ, ಆ ಆರು ತಿಂಗಳು ಬಡ್ಡಿ ಮಾತ್ರ ಕಟ್ಟುವುದು. ತಿಂಗಳಿಗೆ 7,500 ಕಟ್ಟಿದರೆ ಅಸಲು ಇದ್ದಲ್ಲೇ ಇರುತ್ತದೆ, ಹೆಚ್ಚುವರಿ ಹೊರೆ 45 ಸಾವಿರಕ್ಕೆ ನಿಲ್ಲುತ್ತದೆ. ಮೂರರಲ್ಲಿ ಯಾವುದು ಎಂದು ಬ್ಯಾಂಕ್ ಸಾಮಾನ್ಯವಾಗಿ ಕೇಳುವುದಿಲ್ಲ, ಮೊದಲನೆಯದನ್ನು ಸುಮ್ಮನೆ ಹಾಕಿಬಿಡುತ್ತದೆ. ಸಾಲ ಕೊನೆಯ ವರ್ಷಗಳಲ್ಲಿದ್ದರೆ ಈ ವ್ಯತ್ಯಾಸ ಸಣ್ಣದು, ಶುರುವಿನಲ್ಲಿದ್ದರೆ ಹೀಗೆ ಕೈ ಸುಡುತ್ತದೆ. ಬಡ್ಡಿಯಷ್ಟಾದರೂ ಕಟ್ಟಲು ಸಾಧ್ಯವಿದ್ದರೆ ಪೂರ್ತಿ ವಿರಾಮ ಕೇಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೆಲಸ ಯಾವಾಗ ಸಿಗುತ್ತದೋ ಗೊತ್ತಿಲ್ಲ ಎನ್ನುವ ಸ್ಥಿತಿಯಲ್ಲಿ ಮೂರು ತಿಂಗಳಿಗೆ ಕೇಳಿ, ಮೂರನೇ ತಿಂಗಳು ಮತ್ತೆ ಪರಿಶೀಲಿಸಬೇಕೆಂದು ಅದೇ ಪತ್ರದಲ್ಲಿ ಬರೆಯಿರಿ.

ಪತ್ರದಲ್ಲಿ ಏನಿರಬೇಕು ಎಂದರೆ: ಸಾಲದ ಖಾತೆ ಸಂಖ್ಯೆ, ಏನು ಬದಲಾಯಿತು, ಯಾವ ತಾರೀಖಿನಿಂದ, ಈಗಿನ ಆದಾಯ, ಮನೆ ಖರ್ಚಿನ ಬಾಬುಗಳು, ಉಳಿದ ಸಾಲಗಳ ಕಂತು, ಕಟ್ಟಲು ಸಾಧ್ಯವಿರುವ ಮೊತ್ತ, ಎಲ್ಲಿಂದ ಎಲ್ಲಿಯವರೆಗೆ. ಜತೆಗೆ ರಿಲೀವಿಂಗ್ ಲೆಟರ್ ಅಥವಾ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ, ಮ್ಯಾನೇಜರ್ ವರ್ಗವಾದ ದಿನ ಅದೂ ವರ್ಗವಾಗುತ್ತದೆ. ನಕಲು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ, ಇಮೇಲನ್ನೂ ಕಳಿಸಿ.

ಖರ್ಚಿನ ಪಟ್ಟಿಯಲ್ಲಿ ಹೆಚ್ಚಿನವರು ಮಾಡುವ ತಪ್ಪು, ಬ್ಯಾಂಕಿನವರು ಮೆಚ್ಚಲೆಂದು ಎಲ್ಲವನ್ನೂ ಕಡಿಮೆ ಬರೆಯುವುದು. ವರ್ಷಕ್ಕೊಮ್ಮೆ ಬರುವ ವಿಮೆ, ಶಾಲೆ ಶುರುವಾಗುವ ಜೂನ್ ತಿಂಗಳ ಖರ್ಚು, ಗಾಡಿ ರಿಪೇರಿ ಇವು ಪಟ್ಟಿಗೇ ಬರುವುದಿಲ್ಲ. ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸದಿದ್ದರೆ, ಹೊಂದಿಸಿಕೊಂಡ ಕಂತು ಮುಂದಿನ ಜೂನ್‌ನಲ್ಲೇ ಮುರಿಯುತ್ತದೆ.

ಅರ್ಜಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. ದೂರಿಗೂ 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ಮಾಹಿತಿಗೆ 14448. ಆದರೆ ದೂರಿನ ಒಕ್ಕಣೆ ಮುಖ್ಯ. ‘ಕಂತು ಇಳಿಸಲು ಒಪ್ಪಲಿಲ್ಲ’ ಎಂದು ಬರೆದರೆ ಅದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ ಎಂದು ಬದಿಗಿಡುತ್ತಾರೆ. ‘ಅರ್ಜಿಗೆ ಉತ್ತರವನ್ನೇ ಕೊಡಲಿಲ್ಲ’, ‘ಒಪ್ಪಿದ ಮೇಲೂ ಹಳೆಯ ಮೊತ್ತ ಕತ್ತರಿಸಿದರು’ ಎಂದಿದ್ದರೆ ಅದು ಸೇವಾಲೋಪ, ವಿಚಾರಣೆಗೆ ಬರುತ್ತದೆ.

ಜೋರಾಗಿ ಕೂಗುವವರಿಗೆ ಮೊದಲ ಪಾಲೇ?

ಹಣ ಸಾಲದಾದಾಗ ಮೊದಲು ಸಲ್ಲುವುದು ಹೆಚ್ಚು ಫೋನ್ ಮಾಡುವವರಿಗೆ, ಮನೆ ಮುಂದೆ ಬಂದು ನಿಲ್ಲುವವರಿಗೆ. ಇದು ತಲೆಕೆಳಗಾದ ಕ್ರಮ. ಬಾಡಿಗೆ, ವಿದ್ಯುತ್ತು, ಅಡುಗೆಮನೆ, ಔಷಧಿ ಮೊದಲು. ಆಮೇಲೆ ತಪ್ಪಿದರೆ ಸೂರು ಹೋಗುವ ಗೃಹಸಾಲ, ದುಡಿಮೆಯ ಗಾಡಿಯ ಸಾಲ, ಹರಾಜಿಗೆ ಬರಬಹುದಾದ ಚಿನ್ನದ ಸಾಲ. ಕಾರ್ಡ್, ಪರ್ಸನಲ್ ಲೋನ್ ಅದರ ನಂತರ, ಅವರು ಎಷ್ಟೇ ಗದರಿಸಲಿ. ಹಾಗೆಂದು ಕಾರ್ಡನ್ನು ಮರೆಯುವಂತಿಲ್ಲ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಅಸಲು ಕರಗುವುದೇ ಇಲ್ಲ. ಅದರ ಬಾಕಿಯನ್ನು ಇಎಂಐಗೆ ಬದಲಿಸಿಕೊಡಿ ಎಂದು ಕೇಳಿ, ಕಾರ್ಡನ್ನು ಬಳಸುವುದು ನಿಲ್ಲಿಸಬೇಕು.

ಅಡಮಾನವಿಲ್ಲದ ಸಾಲಗಳಿಗೆ ಉಳಿದದ್ದನ್ನು ಬಾಕಿಯ ಅನುಪಾತದಲ್ಲಿ ಹಂಚಿ. ಆರು ಸಾವಿರ ಉಳಿದು, ಬಾಕಿಗಳು ಒಂದೂವರೆ ಲಕ್ಷ, ಒಂದು ಲಕ್ಷ, ಐವತ್ತು ಸಾವಿರ ಇದ್ದರೆ ಕ್ರಮವಾಗಿ ಮೂರು, ಎರಡು, ಒಂದು ಸಾವಿರ. ಅರ್ಧ ಕಂತು ಸುಸ್ತಿಯನ್ನು ತಡೆಯುವುದಿಲ್ಲ. ಆದರೆ ಕಟ್ಟುವ ಮನಸ್ಸಿದೆ ಎಂಬುದಕ್ಕೆ ಮುಂದೆ ಲೋಕ ಅದಾಲತ್‌ನಲ್ಲೋ ನ್ಯಾಯಾಲಯದಲ್ಲೋ ಅದೇ ಸಾಕ್ಷಿ.

ಸಂಘದ ಸಾಲದ್ದು ಬೇರೆಯೇ ಸಂಕಟ. ಒಬ್ಬರು ತಪ್ಪಿದರೆ ಗುಂಪಿನ ಉಳಿದವರ ಮೇಲೆ ಒತ್ತಡ ಬೀಳುತ್ತದೆ, ನೆರೆಹೊರೆಯ ಮುಖ ನೋಡಲಾಗದೆ ಜನ ಮತ್ತೊಂದು ಕಡೆ ಸಾಲ ಎತ್ತುತ್ತಾರೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಗಳ ಮೈಕ್ರೋಫೈನಾನ್ಸ್ ಸಾಲದಲ್ಲಿ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು 2022ರ ನಿಯಮ ಹೇಳುತ್ತದೆ. ಆದಾಯ ಕುಸಿದ ಮನೆಗೆ ಹಳೆ ಕಂತು ಕಟ್ಟಲು ಹೊಸ ಸಾಲ ಕೊಡಲು ಬರುವ ಏಜೆಂಟ್ ಈ ನಿಯಮದ ಹೊರಗೆ ಓಡಾಡುತ್ತಿದ್ದಾನೆ ಎಂದೇ ತಿಳಿಯಬೇಕು.

ಸಣ್ಣ ತಂತಿಗಳು, ದೊಡ್ಡ ಶಾಕ್

ಯೋಜನೆ ಮುರಿಯುವುದು ಹಲವು ಸಲ ಹಣವಿಲ್ಲದೆ ಅಲ್ಲ, ಆಟೊ ಡೆಬಿಟ್ ಸರಿಪಡಿಸದೆ. ಕಂತು 10 ಸಾವಿರದಿಂದ 7 ಸಾವಿರಕ್ಕೆ ಇಳಿಯಿತು ಎಂದುಕೊಳ್ಳಿ. ಸಾಲದ ವಿಭಾಗ ಪತ್ರ ಕೊಟ್ಟಿದೆ, ಆದರೆ ವ್ಯವಸ್ಥೆಯಲ್ಲಿ ಹಳೆಯ ಮೊತ್ತವೇ ಇದೆ. ಐದನೇ ತಾರೀಖು 10 ಸಾವಿರಕ್ಕೆ ಬೇಡಿಕೆ ಬರುತ್ತದೆ, ಖಾತೆಯಲ್ಲಿ 7,200 ಇದೆ, ಬೌನ್ಸ್. ಎರಡೂ ಕಡೆ ಶುಲ್ಕ, ಜತೆಗೆ ಸಾಲ ಕಟ್ಟಿದ ಚರಿತ್ರೆ ಹೇಳುವ ಕ್ರೆಡಿಟ್ ವರದಿಯಲ್ಲಿ ಒಂದು ಕಪ್ಪು ಗೆರೆ. ಹೊಸ ಕಂತಿನ ಮೊದಲ ತಿಂಗಳು, ತಾರೀಖಿಗೆ ಒಂದು ವಾರ ಮುಂಚೆ, ಹೊಸ ಮೊತ್ತ ದಾಖಲಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಚೆಕ್ ಬೌನ್ಸ್‌ನಂತೆ ಹಣವಿಲ್ಲದೆ ಆಟೊ ಡೆಬಿಟ್ ತಿರಸ್ಕೃತವಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ನಿನಡಿ ಕ್ರಿಮಿನಲ್ ಕೇಸು ಹಾಕಲು ಅವಕಾಶವಿದೆ. ಕಟ್ಟಲಾಗದು ಎಂದು ಮೊದಲೇ ಗೊತ್ತಿದ್ದರೆ ಲಿಖಿತವಾಗಿ ತಿಳಿಸಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಸಾಲ ಮತ್ತು ಸಂಬಳದ ಖಾತೆ ಒಂದೇ ಬ್ಯಾಂಕಿನಲ್ಲಿದ್ದರೆ ಸುಸ್ತಿಯಾದ ಮೊತ್ತವನ್ನು ಬ್ಯಾಂಕ್ ಸಂಬಳದಿಂದಲೇ ಹಿಡಿದುಕೊಳ್ಳಬಹುದು, ಒಪ್ಪಂದದಲ್ಲಿ ಆ ಹಕ್ಕು ಬರೆದಿರುತ್ತದೆ. ತಿಂಗಳ ಮೊದಲ ದಿನವೇ ಖಾತೆ ಬರಿದಾಗಿ ದಿನಸಿಗೂ ದುಡ್ಡಿಲ್ಲದಂತಾಗುವುದು ಹೀಗೆ. ಮನೆ ಖರ್ಚಿನ ಹಣ ಬೇರೆ ಬ್ಯಾಂಕಿನಲ್ಲಿರಲಿ.

ಜಾಮೀನುದಾರರನ್ನು ಮರೆತವರೂ ಬಹಳ. ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಆದರೆ 133ನೇ ಸೆಕ್ಷನ್ ಪ್ರಕಾರ ಅವರ ಒಪ್ಪಿಗೆಯಿಲ್ಲದೆ ಷರತ್ತು ಬದಲಿಸಿದರೆ ಬದಲಾವಣೆಯ ನಂತರದ ವ್ಯವಹಾರಕ್ಕೆ ಅವರು ಹೊಣೆಯಲ್ಲ. ಹಾಗಾಗಿಯೇ ಪ್ರತಿ ಸಲ ಕಂತು ಬದಲಾದಾಗ ಬ್ಯಾಂಕ್ ಅವರ ಸಹಿ ಕೇಳುತ್ತದೆ. ಭಾವನೋ ಸೋದರಮಾವನೋ ಜಾಮೀನು ನಿಂತಿದ್ದರೆ, ಬ್ಯಾಂಕಿನಿಂದ ನೋಟಿಸ್ ಹೋಗುವ ಮುಂಚೆ ನೀವೇ ಹೋಗಿ ಹೇಳುವುದು ಮರ್ಯಾದೆಯೂ ಹೌದು, ಅರ್ಜಿ ಬೇಗ ಸಾಗುವ ಉಪಾಯವೂ ಹೌದು.

ಸಾಲದ ಜತೆ ಕೊಟ್ಟ ವಿಮೆಯನ್ನೂ ತೆಗೆದು ನೋಡಿ. ಹದಿನೈದು ವರ್ಷದ ಸಾಲವನ್ನು ಇಪ್ಪತ್ತಕ್ಕೆ ಎಳೆದರೆ ವಿಮೆ ತಾನಾಗಿ ಇಪ್ಪತ್ತಕ್ಕೆ ಬೆಳೆಯುವುದಿಲ್ಲ. ಕೊನೆಯ ಐದು ವರ್ಷ ಮನೆಯವರಿಗೆ ರಕ್ಷಣೆಯಿಲ್ಲ. ಗಂಡ ಹೆಂಡತಿ ಜಂಟಿಯಾಗಿ ತೆಗೆದ ಸಾಲದಲ್ಲಿ ‘ಸಾಲ ಇವರು ತೀರಿಸತಕ್ಕದ್ದು’ ಎಂದು ವಿಚ್ಛೇದನದ ರಾಜಿಪತ್ರದಲ್ಲಿ ಬರೆದುಕೊಂಡರೂ ಬ್ಯಾಂಕ್ ಅದಕ್ಕೆ ಬದ್ಧವಲ್ಲ, ಇಬ್ಬರನ್ನೂ ಕೇಳುತ್ತದೆ. ಹೆಸರು ತೆಗೆಸಬೇಕಾದರೆ ಉಳಿದವರ ಆದಾಯದ ಮೇಲೆ ಬ್ಯಾಂಕ್ ಹೊಸದಾಗಿ ಒಪ್ಪಬೇಕು.

ಆದಾಯ ಹೆಚ್ಚಾದರೆ? ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಅವಧಿಗೆ ಮುನ್ನ ಕಟ್ಟಲು ದಂಡವಿಲ್ಲ. ಆದರೂ ಬೋನಸ್ ಬಂದಾಗ ಮೊದಲು ಕಾರ್ಡ್, ಆಮೇಲೆ ಎರಡು ಕಂತಿನಷ್ಟು ಮೀಸಲು, ಉಳಿದರೆ ಗೃಹಸಾಲ.

ಸೆಟಲ್‌ಮೆಂಟ್ ಎಂಬ ಅಡ್ಡದಾರಿ

ಕಂತು ತಪ್ಪಿದ ಕೂಡಲೇ ‘ಅರ್ಧಕ್ಕೆ ಮುಗಿಸಿಕೊಡುತ್ತೇವೆ, ಕಂತು ಕಟ್ಟುವುದು ನಿಲ್ಲಿಸಿ, ನಮಗೆ ತಿಂಗಳಿಗಿಷ್ಟು ಫೀಸು ಕೊಡಿ’ ಎನ್ನುವ ಕಂಪನಿಗಳ ಜಾಹೀರಾತು ಫೋನಿನಲ್ಲಿ ಕಾಣತೊಡಗುತ್ತವೆ. ಅವರ ಲೆಕ್ಕಾಚಾರ ಸರಳ: ಖಾತೆ ಪೂರ್ತಿ ಕೆಟ್ಟರೆ ಬ್ಯಾಂಕ್ ಬಗ್ಗುತ್ತದೆ. ಬಗ್ಗದಿದ್ದರೆ ಕೇಸು, ವಸೂಲಿಯವರ ಕಾಟ, ಏರಿದ ಬಾಕಿ ಎಲ್ಲ ಸಾಲಗಾರನ ಪಾಲಿಗೆ. ಫೀಸು ಮಾತ್ರ ಅವರ ಪಾಲಿಗೆ. ನಿಜವಾಗಿ ಸೆಟಲ್‌ಮೆಂಟೇ ಬೇಕೆಂದರೆ ಬ್ಯಾಂಕನ್ನು ನೇರವಾಗಿ ಕೇಳಬಹುದು, ಮಧ್ಯವರ್ತಿ ಬೇಕಿಲ್ಲ. ರಿಸರ್ವ್ ಬ್ಯಾಂಕಿನ 2023ರ ಜೂನ್ 8ರ ಚೌಕಟ್ಟಿನ ಪ್ರಕಾರ ರಾಜಿ ಮಾಡಿಕೊಂಡವರಿಗೆ, ಕೃಷಿಯೇತರ ಸಾಲವಾದರೆ, ಆ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ವರದಿಯಲ್ಲಿ ‘ಸೆಟಲ್ಡ್’ ಎಂಬ ಪದ ಉಳಿಯುತ್ತದೆ, ಅದು ‘ಕ್ಲೋಸ್ಡ್’ ಅಲ್ಲ. ಬ್ಯಾಂಕ್ ‘ರೈಟ್ ಆಫ್’ ಮಾಡಿದೆ ಎಂದರೆ ಸಾಲ ಮನ್ನಾ ಎಂದೂ ಅರ್ಥವಲ್ಲ, ಅದು ಅವರ ಲೆಕ್ಕಪುಸ್ತಕದ ವಿಚಾರ.

ಕೊಟ್ಟ ಹಣಕ್ಕೆ ರಸೀದಿ, ಬಾಕಿಯಿಲ್ಲ ಎಂಬ ಪತ್ರ ಪಡೆದು ನಂತರ ವರದಿಯನ್ನು ತೆಗೆಸಿ ನೋಡಿ. ನಾಲ್ಕೂ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ವರದಿಯಲ್ಲಿ ತಪ್ಪಿದ್ದು, ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ.

ಎಲ್ಲ ಪ್ರಯತ್ನದ ಮೇಲೂ ಕಂತು ನಿಂತೇ ಹೋದರೆ, ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿದಿದ್ದರೆ ಅರ್ಧ ಭಯ ಇಳಿಯುತ್ತದೆ. ತಡವಾದುದಕ್ಕೆ ದಂಡ ಶುಲ್ಕ ಹಾಕಬಹುದು, ಆ ಶುಲ್ಕದ ಮೇಲೆ ಬಡ್ಡಿ ಹಾಕುವಂತಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್‌ಗೆ ಇದು 9ರಿಂದ 6. ನೆಂಟರು, ಸ್ನೇಹಿತರಿಗೆ ಕಿರುಕುಳ ಕೊಡುವಂತಿಲ್ಲ. ಸಣ್ಣ ಸಾಲಗಳ ವಸೂಲಿಯಲ್ಲಿ ದೌರ್ಜನ್ಯ ತಡೆಯಲೆಂದು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶ ಮಾಡಲಾಗಿತ್ತು. ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆಯಡಿ ಮನೆಗೆ ನೋಟಿಸ್ ಬಂದರೆ ಬಾಕಿ ತೀರಿಸಲು 60 ದಿನವಿರುತ್ತದೆ, ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಕೃಷಿ ಭೂಮಿ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ನ್ಯಾಯಾಲಯದ ಡಿಕ್ರಿ ಆದರೂ ಸಂಬಳ ಪೂರ್ತಿ ಜಪ್ತಿಯಾಗುವುದಿಲ್ಲ: ಮೊದಲ ಸಾವಿರ ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಭವಿಷ್ಯನಿಧಿ ಖಾತೆಯಲ್ಲಿರುವ ಹಣಕ್ಕೂ ಜಪ್ತಿಯಿಂದ ರಕ್ಷಣೆಯಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿಯಿಲ್ಲ, ಆದ್ದರಿಂದ ಮಾಸಿಕ ಮೊತ್ತವನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100.